ಬೆಚ್ಚಗಿನ ನೆಲ

ಆ ವರ್ಷದ ಜನವರಿಯಲ್ಲಿ ಕರಡಿಗುಡ್ಡದ ಕ್ವಾರ್ಟರ್ಸಿನಲ್ಲಿ ಯಾರಿಗೂ ಚಳಿಯಾಗಲಿಲ್ಲ.

ಹಾಗೆಂದು ಚಳಿ ಕಡಿಮೆಯಿತ್ತು ಎಂದಲ್ಲ. ಚಾಮರಾಜನಗರ ದಾಟಿ ತಮಿಳು ಗಡಿಗೆ ಬೆನ್ನು ಕೊಟ್ಟು ಕೂತ ಆ ಕಾಡಿನಲ್ಲಿ ಬೆಳಗಿನ ಮಂಜು ಹೊತ್ತೇರಿದರೂ ಕದಲುತ್ತಿರಲಿಲ್ಲ. ಆಚೆ ನಿಂತರೆ ಹಲ್ಲು ಕಟಕಟ ಎನ್ನುತ್ತಿತ್ತು. ಒಳಗೆ ಕಾಲಿಟ್ಟರೆ ಮಾತ್ರ ನೆಲ ಹಿತವಾಗಿ ಬೆಚ್ಚಗಿರುತ್ತಿತ್ತು. ನೀಲವೇಣಿಯ ಅತ್ತೆ ಚಿಕ್ಕತಾಯಮ್ಮ ಕಂಬಳಿಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿ, ಬರೀ ಚಾಪೆಯ ಮೇಲೆ ಮಲಗತೊಡಗಿದ್ದರು.

"ಏಸೋ ವರ್ಸದಿಂದ ಕಾಡ್ತಿದ್ದ ಮಂಡಿನೋವು ಬುಟ್ಟೋಯ್ತು ಕನವ್ವ," ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. "ಮಾದಪ್ಪ ಕಣ್ಬುಟ್ಟ."

ಬಚ್ಚಲಲ್ಲಿ ರಾತ್ರಿ ತುಂಬಿಟ್ಟ ಹಂಡೆಯ ನೀರು ಬೆಳಿಗ್ಗೆ ಒಲೆ ಹಚ್ಚದೆಯೇ ಮೀಯುವಷ್ಟು ಬೆಚ್ಚಗಾಗಿರುತ್ತಿತ್ತು. ಸ್ನಾನವೆಂದರೆ ಮನೆಯೆಲ್ಲ ಓಡಾಡಿಸುತ್ತಿದ್ದ ನೀಲವೇಣಿಯ ಮಗಳು ಹೊನ್ನಿ ಈಗ ತಾನೇ ಹೋಗಿ ತಂಬಿಗೆ ಹಿಡಿಯುತ್ತಿದ್ದಳು. ಮನೆಯ ಬೆಕ್ಕು ಬಚ್ಚಲ ಗೋಡೆಯ ಮೂಲೆ ಹಿಡಿದದ್ದು, ಹಾಲಿಟ್ಟು ಕರೆದರೂ ಏಳುತ್ತಿರಲಿಲ್ಲ.

ನೀಲವೇಣಿ ಮಣ್ಣಿನ ವಿಜ್ಞಾನ ಓದಿದವಳು. ಕಪ್ಪು ನೆಲ ಹಗಲಲ್ಲಿ ಬಿಸಿಲು ಹೀರಿಕೊಂಡು ರಾತ್ರಿ ಬಿಡುತ್ತದೆ ಎಂದು ಅತ್ತೆಗೆ ವಿವರಿಸಿದಳು. ಓದಿದವರಿಗೆ ಯಾವುದಕ್ಕೂ ಕಾರಣ ಸಿಗದೆ ಇರುವುದಿಲ್ಲ, ಅದೇ ಅವರ ಕಷ್ಟ. ಬಿಸಿಲೇ ಕಾಣದ ಬಚ್ಚಲ ಮೂಲೆಗೆ ಆ ಬಿಸಿ ಎಲ್ಲಿಂದ ಬಂತು ಎಂದು ಅವಳು ಕೇಳಿಕೊಳ್ಳಲಿಲ್ಲ.

ಆ ಕಪ್ಪು ನೆಲದ ಕಥೆ ಸ್ವಲ್ಪ ಹೇಳಬೇಕು. ಕಾಡಿನಲ್ಲಿ ಉದುರಿದ ತರಗನ್ನು ಗೆದ್ದಲು, ಹುಳು, ಬೂಷ್ಟು ಎಲ್ಲ ಸೇರಿ ತಿಂದು ಮುಗಿಸುತ್ತವೆ. ಎಲೆಯೊಳಗಿದ್ದ ಇಂಗಾಲದ ಬಹುಪಾಲು ಮತ್ತೆ ಗಾಳಿಗೆ ಹೋಗುತ್ತದೆ, ಉಳಿದ ಚೂರುಪಾರು ಮಣ್ಣಿಗಿಳಿಯುತ್ತದೆ. ಭೂಮಿ ಕಾಯುತ್ತಿದೆ, ಗಾಳಿಗೆ ಹೋಗುವುದನ್ನು ನೆಲದಲ್ಲೇ ಹಿಡಿದಿಡಬೇಕು ಎಂದು ಹೊರಟವರು ಪ್ರಯೋಗಶಾಲೆಯಲ್ಲಿ ಒಂದು ಹೊಸ ಬೂಷ್ಟನ್ನು ಸಾಕಿದರು. ಅದರ ಎಳೆಗಳು ತರಗನ್ನು ಬಿಗಿದು ಕಪ್ಪಾದ, ಮೇಣದಂಥ ಪುಡಿ ಮಾಡಿಬಿಡುತ್ತಿದ್ದವು. ಅದನ್ನು ಗೆದ್ದಲೂ ಮೂಸುತ್ತಿರಲಿಲ್ಲ. ಯೋಜನೆಯ ಹೆಸರು 'ಮಣ್ಣುಖಜಾನೆ'. ಜನ ಬೂಷ್ಟಿಗೆ ಕರಿಬೂಷ್ಟು ಎಂದರು. ಹತ್ತು ಹನ್ನೆರಡು ವರ್ಷದಲ್ಲಿ ಕರಡಿಗುಡ್ಡದ ಕೆಮ್ಮಣ್ಣಿನ ಮೇಲೆ ಮೊಣಕಾಲಾಳದ ಕರಿಮಣ್ಣು ಕೂತಿತು. ನೋಡಲು ಬಂದ ದೊಡ್ಡವರು ಅದನ್ನು ಮುಷ್ಟಿಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡು ಹೋದರು.

ಜನ ಅದಕ್ಕೆ ಬೇಗ ಒಗ್ಗಿಕೊಂಡರು. ಕರಿಮಣ್ಣಿಗೆ ನೀರು ಅಂಟುತ್ತಿರಲಿಲ್ಲ, ಕೆಸುವಿನೆಲೆಯ ಮೇಲಿನಂತೆ ಉರುಳಿ ಹೋಗುತ್ತಿತ್ತು. ತೇವ ಹತ್ತದ, ಗೆದ್ದಲು ಬಾರದ ಮಣ್ಣು ಯಾರಿಗೆ ಬೇಡ? ಕ್ವಾರ್ಟರ್ಸಿನವರೂ ಪಕ್ಕದ ಪೋಡಿನ, ಅಂದರೆ ಹಾಡಿಯ, ಸೋಲಿಗರೂ ಅದನ್ನು ಮಂಕರಿಯಲ್ಲಿ ಹೊತ್ತು ತಂದು ಮನೆಯೊಳಗೆ ತುಂಬಿ, ಬಡಿದು, ನುಣ್ಣನೆಯ ನೆಲ ಮಾಡಿಕೊಂಡರು. ಸಗಣಿ ಸಾರಿಸುವ ಕೆಲಸವೇ ತಪ್ಪಿತು. ಕಾಡಿನಿಂದ ಮನೆಯವರೆಗೆ ಚೆಲ್ಲುತ್ತ ಬಂದ ಕರಿಮಣ್ಣು ಕಾಲುದಾರಿಗಳ ಮೇಲೂ ದಪ್ಪವಾಗಿ ಕೂತಿತ್ತು.

ನೀಲವೇಣಿಯ ಕೆಲಸ ಕ್ವಾರ್ಟರ್ಸಿನ ಹಿಂದೆ, ಅರೆ ಎಂದು ಕರೆಯುವ ಬೋಳು ಹಾಸುಬಂಡೆಯ ನೆತ್ತಿಯ ಮೇಲಿದ್ದ ಕಂಟ್ರೋಲ್ ರೂಮಿನಲ್ಲಿ. ಕಾಡಿನುದ್ದಕ್ಕೂ ಮೊಳದುದ್ದದ ಕಬ್ಬಿಣದ ಸೆನ್ಸರುಗಳನ್ನು ನೆಲಕ್ಕೆ ಹೊಡೆದಿದ್ದರು. ಅವನ್ನು ಎಲ್ಲರೂ ಮೊಳೆ ಎನ್ನುತ್ತಿದ್ದರು. ಮಣ್ಣಿನ ಬಿಸಿ, ತೇವ, ಇಂಗಾಲ ಎಲ್ಲವನ್ನೂ ಅಳೆದು ಅವು ಅವಳ ಪರದೆಗೆ ಕಳಿಸುತ್ತಿದ್ದವು. ಮೊದಲ ವರ್ಷ ಅವಳನ್ನು ಗೋಳಾಡಿಸಿದ್ದು ಆನೆಗಳು. ಮೊಳೆಗೆ ಮೆತ್ತಿದ ಲೇಪದಲ್ಲಿ ಉಪ್ಪಿನಂಶವಿತ್ತು. ಆ ರುಚಿಗೆ ಆನೆಗಳು ಮೊಳೆ ಕಿತ್ತು, ನೆಕ್ಕಿ, ತುಳಿದು ಎಸೆಯುತ್ತಿದ್ದವು. ತುಳಿಸಿಕೊಂಡ ಮೊಳೆ ಸಾಯುವ ಮುಂಚೆ ಹುಚ್ಚುಹುಚ್ಚಾಗಿ ತೊಂಬತ್ತು ಡಿಗ್ರಿ, ಇನ್ನೂರು ಡಿಗ್ರಿ ಎಂದೆಲ್ಲ ಬೊಗಳುತ್ತಿತ್ತು. ಸಾಕಾಗಿ ನೀಲವೇಣಿಯೇ ಒಂದು ನಿಯಮ ಬರೆದಳು: ಮಣ್ಣಿನ ಬಿಸಿ ಅರವತ್ತು ದಾಟಿತೆಂದರೆ ಆ ಮೊಳೆಯ ಮಾತು ಕೇಳಬೇಡ, ನಕ್ಷೆಯ ಮೇಲೆ ಒಂದು ಪುಟ್ಟ ಆನೆ ಚಿತ್ರ ಹಾಕು.

ನಿಯಮ ಎಲ್ಲರಿಗೂ ಹಿಡಿಸಿತು. ಆನೆ ಚಿತ್ರ ಪೋಡಿನ ಕಡೆ ಸರಿದರೆ ಅವಳು ಕಂಬಗಳ ಮೇಲಿನ ಸ್ಪೀಕರಿನಲ್ಲಿ ಕೊಂಬು ಊದಿಸುತ್ತಿದ್ದಳು. ಕೊಂಬು ಕೇಳಿದರೆ ಒಳಗೆ ಸೇರಿ ಅಗಳಿ ಹಾಕುವುದು, ಗಂಟೆ ಕೇಳಿದರೆ ಆಚೆ ಬರುವುದು. ಎಳೆಯ ಮಕ್ಕಳಿಗೂ ಅದು ಗೊತ್ತಿತ್ತು. ಕೊಂಬು ಬಂದ ಮೇಲೆ ಆನೆಯಿಂದ ಒಂದು ಜೀವವೂ ಹೋಗಿರಲಿಲ್ಲ. ಯೋಜನೆಯವರು ಆ ನಿಯಮವನ್ನು, ಕರಿಬೂಷ್ಟು ಬಿತ್ತಿದ್ದ ರಾಜ್ಯದ ಉಳಿದ ಕೇಂದ್ರಗಳಿಗೂ ಹಂಚಿದರು.

ಸಂಕ್ರಾಂತಿಗೆ ಮುಂಚೆ, ಡಿಸೆಂಬರಿನಲ್ಲೇ, ಪ್ರತಿವರ್ಷದಂತೆ ಬೆಂಕಿ ರೇಖೆ ಸುಟ್ಟಿದ್ದರು. ಬೇಸಿಗೆಯ ಕಾಳ್ಗಿಚ್ಚು ದಾಟದ ಹಾಗೆ, ಇಬ್ಬನಿ ಇರುವಾಗಲೇ ರಸ್ತೆಯ ಬದಿಯ ತರಗನ್ನು ಸುಟ್ಟು ಬೋಳು ಪಟ್ಟಿ ಮಾಡುವುದು ಹಳೆಯ ಕ್ರಮ. ಬೆಂಕಿ ಕಾವಲಿನ ಯಜಮಾನಿಕೆ ಪೋಡಿನ ಕೇತಮ್ಮನದು. ಅವಳ ಅಪ್ಪ, ಅಜ್ಜ ಎಲ್ಲ ಕಾಡಿಗೆ ತರಗುಬೆಂಕಿ ಹಾಕುತ್ತಿದ್ದವರು. ಸುಟ್ಟ ಮೇಲೆ ಕೇತಮ್ಮ ಪಟ್ಟಿಯುದ್ದಕ್ಕೂ ಬರಿಗಾಲಲ್ಲಿ ನಡೆಯುತ್ತಿದ್ದಳು. ಕಾಲು ತಡೆದರೆ ಬೆಂಕಿ ಸತ್ತಿದೆ ಎಂದು ಲೆಕ್ಕ. ಆ ವರ್ಷವೂ ನಡೆದಳು. ಬೂದಿ ತಣ್ಣಗಿತ್ತು.

"ಆರೋಯ್ತು ಕನಿ ಮೇಡಮ್ಮೋರೆ," ಎಂದಳು. ನೀಲವೇಣಿ ಸರಿ ಎಂದಳು. ಕೆಮ್ಮಣ್ಣಿನ ಮೇಲಾಗಿದ್ದರೆ ಆ ಮಾತು ನಿಜವೇ ಆಗಿರುತ್ತಿತ್ತು.

ಅದಾಗಿ ಕೆಲವು ದಿನಕ್ಕೆ ಬೆಂಕಿ ರೇಖೆಯ ಹತ್ತಿರ ಪರದೆಯ ಮೇಲೆ ಒಂದು ಆನೆ ಕಾಣಿಸಿತು. ಆಮೇಲೆ ಇನ್ನೊಂದು, ಅದರ ಪಕ್ಕ ಮತ್ತೊಂದು. ಹಿಂಡು ಕ್ವಾರ್ಟರ್ಸಿನ ಕಡೆ ಬರುತ್ತಿತ್ತು, ಆದರೆ ದಿನಕ್ಕೆ ನಾಲ್ಕಾರು ಮಾರು ಮಾತ್ರ. ಆನೆ ಇಷ್ಟು ನಿಧಾನ ಏಕೆ ನಡೆಯುತ್ತದೆ? ನೀಲವೇಣಿಗೆ ಅದಕ್ಕೂ ಕಾರಣ ಸಿಕ್ಕಿತು. ಹೆಣ್ಣಾನೆ ಮರಿ ಹಾಕಿರಬೇಕು, ಮರಿಗಾಗಿ ಹಿಂಡು ತಡೆದು ತಡೆದು ನಡೆಯುತ್ತಿದೆ ಎಂದಳು. ಸುದ್ದಿ ಹರಡಿ ಇಡೀ ಪೋಡಿನ ಎದೆ ಮೆತ್ತಗಾಯಿತು. "ಬಾಣಂತಿ ಆನೆ, ಪಾಪ," ಎಂದು ಆ ಕಡೆ ಸೌದೆಗೆ ಹೋಗುವುದನ್ನೂ ಬಿಟ್ಟರು. ಹೊನ್ನಿ ಮರಿಗೆ ಹೆಸರೂ ಇಟ್ಟಳು. ಹಗ್ಗವನ್ನು ಹಾವೆಂದು ಹೆದರುವವರನ್ನು ನಾವು ನೋಡಿದ್ದೇವೆ. ಇವರು ಹಾವನ್ನು ಹಗ್ಗವೆಂದು ಮುದ್ದಾಡುತ್ತಿದ್ದರು.

ಆ ದಿನ ಬೆಳಿಗ್ಗೆ ನೀಲವೇಣಿ ಡ್ಯೂಟಿಗೆ ಹೊರಟಾಗ ಚಿಕ್ಕತಾಯಮ್ಮ ಅಟ್ಟದ ಕಡೆ ಕೈ ತೋರಿಸಿದರು. ಬೆಕ್ಕು ಮೇಲೆ ಹತ್ತಿ ಕೂತು ಕೆಳಗೆ ನೋಡುತ್ತಿತ್ತು.

"ರಾತ್ರಿಯಿಂದ ಇಳೀತಾ ಇಲ್ಲ ಕನವ್ವ. ಆನೆ ವಾಸ್ನೆ ಹೊಡ್ದಿರ್ಬೇಕು."

"ಇರಬಹುದು ಅತ್ತೆ. ಕೊಂಬು ಕೇಳಿದರೆ ಅಗಳಿ ಹಾಕಿಕೊಳ್ಳಿ," ಎಂದು ನೀಲವೇಣಿ ಅರೆ ಹತ್ತಿದಳು. ಮಂಜಿನಲ್ಲಿ ಹರಳೆಣ್ಣೆ ಸೀದಂಥ ಕಮಟು ಇತ್ತು. ಯಾರೋ ದೀಪದ ಬತ್ತಿ ಮರೆತಿದ್ದಾರೆ ಎಂದುಕೊಂಡಳು.

ಪರದೆ ನೋಡಿದರೆ ಆನೆಗಳು ಕ್ವಾರ್ಟರ್ಸಿನ ಹಿತ್ತಿಲಿಗೇ ಬಂದಿದ್ದವು. ಅವಳು ಕೊಂಬು ಊದಿಸಿದಳು. ಕೆಳಗೆ ಮಂಜಿನಲ್ಲಿ ಒಂದೊಂದೇ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು. ಹಿಂಡು ಎಷ್ಟು ದೊಡ್ಡದು ನೋಡಿ ಬರಲು ಕೇತಮ್ಮ ಬೆಳಗಿನಲ್ಲೇ ಹೊರಟಿದ್ದಳು. ಅವಳ ವಾಕಿಟಾಕಿ ಗೊರಗೊರ ಎಂದಿತು.

"ಮೇಡಮ್ಮೋರೆ, ಲದ್ದಿ ಇಲ್ಲ. ಹೆಜ್ಜೆನೂ ಇಲ್ಲ. ಮರ ಮಾತ್ರ ಬಿದ್ದವೆ."

"ಕಿತ್ತು ಹಾಕಿದಾವಾ?"

"ಕಿತ್ರೆ ಬೇರು ಮಣ್ಣು ಹೊತ್ಕಂಡು ಮೇಲ್ಕೆ ಬರ್ಬೇಕಲ್ವ. ಇವಕ್ಕೆ ಬೇರೇ ಇಲ್ಲ ಕನಿ. ಬುಡ ಒಲೆಯಿಂದ ಎಳ್ದ ಕೊಳ್ಳಿಯಂಗದ." ವಾಕಿಟಾಕಿಯಲ್ಲಿ ಧೊಪ್ಪೆಂದು ಸದ್ದು ಬಂತು. "ಈಗ ನನ್ ಮುಂದೇನೇ ಒಂದು ಬಿತ್ತು. ಗಾಳಿ ಇಲ್ಲ, ಏನಿಲ್ಲ. ಸುಮ್ಕೆ ವಾಲ್ಕಂಡು ಬಿತ್ತು."

ನೀಲವೇಣಿ ಪರದೆಯ ಕಡೆ ತಿರುಗಿದಳು. ತಾನೇ ಬರೆದ ನಿಯಮವನ್ನು ಅವಳು ತೆಗೆದು ಹಾಕಿದಳು. ಆನೆ ಚಿತ್ರಗಳು ಅಳಿಸಿ, ಅವು ಇಷ್ಟು ದಿನ ಮುಚ್ಚಿಟ್ಟಿದ್ದ ಅಂಕಿಗಳು ಎದ್ದು ಬಂದವು. ಒಂದು ಮೊಳೆಯೂ ತುಳಿತದಿಂದ ಸತ್ತಿರಲಿಲ್ಲ. ತುಳಿಸಿಕೊಂಡದ್ದು ಒಮ್ಮೆಗೇ ಹುಚ್ಚಾಗುತ್ತದೆ. ಇವು ಹಾಗಲ್ಲ, ಒಂದೊಂದೂ ಗಂಟೆಗಂಟೆಗೆ ಮೆಟ್ಟಿಲು ಹತ್ತಿದಂತೆ ಬಿಸಿಯಾಗಿ, ನೂರು ದಾಟಿ, ಮುನ್ನೂರು ದಾಟಿ ಸುಮ್ಮನಾಗಿದ್ದವು. ಹಿತ್ತಿಲಿನ ಮೊಳೆ ಇನ್ನೂ ಬದುಕಿತ್ತು, ಹತ್ತುತ್ತಲೇ ಇತ್ತು.

ಬೆಂಕಿ ನೆಲದೊಳಗಿತ್ತು. ಬೆಂಕಿ ರೇಖೆ ಸುಟ್ಟ ದಿನ ಎಲ್ಲೋ ಒಂದು ಕಿಡಿ ಕರಿಮಣ್ಣಿಗೆ ಇಳಿದು, ಜ್ವಾಲೆಯಿಲ್ಲದೆ, ಬೇಗೆ ಮೇಲೆ ಬಾರದೆ, ಒಳಗೊಳಗೇ ಮೇಯುತ್ತ ಬಂದಿತ್ತು. ಮೇಣದ ಪದರ ಮುಚ್ಚಳದಂತೆ ಬಿಸಿಯನ್ನು ಕೆಳಗೇ ಹಿಡಿದಿತ್ತು, ಹಾಗಾಗಿ ಕೇತಮ್ಮನ ಕಾಲಿಗೆ ತಣ್ಣನೆಯ ಬೂದಿ ಸಿಕ್ಕಿತ್ತು. ಕಾಡು ಕಾಯಲು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕಾಡಿನಿಂದ ಮಂಕರಿಯಲ್ಲಿ ಹೊತ್ತು ತಂದ ಕರಿಮಣ್ಣು ಮನೆಗಳ ತಳದಲ್ಲಿತ್ತು, ಬೆಂಕಿಗಿಂತ ಮೊದಲೇ ಅದರ ಬಿಸಿ ಆ ಮಣ್ಣಿನೊಳಗೆ ಹರಿದು ನೆಲ ಬೆಚ್ಚಗಾಗಿತ್ತು. ಆ ಮನೆಗಳಲ್ಲಿ ಜನ ಅಗಳಿ ಹಾಕಿಕೊಂಡು ಕೂತಿದ್ದರು. ಕೂರಿಸಿದವಳು ತಾನು. ನೀಲವೇಣಿ ವಾಕಿಟಾಕಿ ಎತ್ತಿಕೊಂಡಳು.

"ಕೇತಮ್ಮ, ಅಲ್ಲಾಡಬೇಡಿ. ನೀವು ನಿಂತಿರೋ ನೆಲದ ಒಳಗೆ ಬೆಂಕಿ ಇದೆ."

ಆ ಕಡೆಯಿಂದ ಬಂದದ್ದು ಮಾತಲ್ಲ, ಹಲ್ಲು ಕಚ್ಚಿ ಎಳೆದುಕೊಂಡ ಉಸಿರು.

"ಕಾಲು ಒಳಕ್ಕೋಯ್ತು," ಎಂದಳು ಕೇತಮ್ಮ. "ಮಂಡಿಗಂಟ."

ನೀಲವೇಣಿಗೆ ಅಳು ಬಂತು, ಆದರೆ ಬಾಯಿ ಕೆಲಸ ಮಾಡುತ್ತಿತ್ತು. "ಮುಂದಕ್ಕೆ ಬೋರಲು ಬಿದ್ದು ಈಜಿದ ಹಾಗೆ ಎಳೆದುಕೊಳ್ಳಿ. ಎದ್ದು ನಿಲ್ಲಬೇಡಿ. ಕೆಂಪು ಮಣ್ಣು ಕಾಣುತ್ತಾ?"

"ಹಳೇ ಹುತ್ತ ಒಂದದ."

"ಅದರ ಮೇಲೆ ಹತ್ತಿ ಕೂತ್ಕೊಳ್ಳಿ. ಹುತ್ತ ಉರಿಯೋದಿಲ್ಲ. ಜನ ಕಳಿಸ್ತೀನಿ."

ಅವಳು ಮನೆಗೆ ಫೋನ್ ಮಾಡಿದಳು. ಚಿಕ್ಕತಾಯಮ್ಮ ಪಿಸುಮಾತಿನಲ್ಲಿ ಮಾತಾಡಿದರು, ಆನೆಗೆ ಕೇಳಿಸಬಾರದೆಂದು.

"ಅತ್ತೆ, ಹೊನ್ನೀನ ಎತ್ತಿಕೊಂಡು ಈಗಲೇ ಆಚೆ ಬನ್ನಿ."

"ನೀನೇ ಕೊಂಬೂದ್ದಲ್ಲವ್ವ. ಹಿತ್ಲಲ್ಲಿ ಮರ ಮುರೀತಾ ಅವೆ, ಕೇಳು." ಫೋನಿನಲ್ಲಿ ಧಡ್ ಎಂಬ ಸದ್ದು ಬಂತು, ಹೊನ್ನಿಯ ಸಣ್ಣ ಬಿಕ್ಕು ಬಂತು.

"ಅದು ಆನೆ ಅಲ್ಲ ಅತ್ತೆ."

"ಆನೆ ಅಲ್ದೆ ಇನ್ಯಾವ್ದು ಮರ ಉರುಳ್ಸದು? ನಮ್ಮಣ್ಣ ಹೋದದ್ದು ಹಿಂಗೇಯ, ಬಾಗ್ಲು ತಗ್ದು ಇಣುಕಿದ್ದಕ್ಕೆ. ನಾ ಬರಕ್ಕಿಲ್ಲ. ಕೂಸ್ನೂ ಬುಡಕ್ಕಿಲ್ಲ."

ವಾದ ಮಾಡಿದರೆ ಅತ್ತೆ ಗೆಲ್ಲುತ್ತಾರೆಂದು ಮದುವೆಯಾದಂದಿನಿಂದ ನೀಲವೇಣಿಗೆ ಗೊತ್ತಿತ್ತು. "ಆಯ್ತು, ಬರಬೇಡಿ. ಹಂಡೆಯೊಳಗಿನ ನೀರು ಎಷ್ಟಿದೆ ನೋಡಿ ಹೇಳಿ, ಅಷ್ಟು ಸಾಕು. ಬಚ್ಚಲೊಳಗೆ ಕಾಲಿಡಬೇಡಿ, ಹೊಸ್ತಿಲಲ್ಲೇ ನಿಂತು ನೋಡಿ."

ಚಪ್ಪಲಿಯಿಲ್ಲದ ಹೆಜ್ಜೆ ದೂರ ಹೋಯಿತು. ಮತ್ತೆ ಬಂದ ದನಿಯಲ್ಲಿ ಪಿಸುಮಾತಿರಲಿಲ್ಲ.

"ನೀರೇ ಇಲ್ಲ ಕನವ್ವ. ರಾತ್ರಿ ಕಂಠಮಟ ತುಂಬಿದ್ದೆ. ಹಂಡೆ ತಳ ಕೆಂಪಗದ. ಇದೇನಾಯ್ತಾ ಅದ ನೀಲಾ?"

"ನೆಲದ ಕೆಳಗೆ ಬೆಂಕಿ ಇದೆ ಅತ್ತೆ. ಮುಂಬಾಗಿಲಿಂದ ಬನ್ನಿ. ಗೋಡೆ ಹಿಡಿದು ಬನ್ನಿ, ನಡುಮನೆ ತುಳೀಬೇಡಿ."

ಉಳಿದ ಬಾಗಿಲುಗಳಿಗೆ ಒಂದೊಂದಕ್ಕೂ ಫೋನ್ ಮಾಡಿ ಹೀಗೆ ಒಪ್ಪಿಸಲು ಹೊತ್ತಿರಲಿಲ್ಲ. ಸ್ಪೀಕರಿನಲ್ಲಿ ಬೆಂಕಿ ಎಂದರೆ ಜನ ರೂಢಿಯಂತೆ ರಸ್ತೆಗೆ, ಬೆಂಕಿ ರೇಖೆಗೆ ಓಡುತ್ತಾರೆ. ಅಲ್ಲಿ ನೆಲ ಟೊಳ್ಳು. ಆದ್ದರಿಂದ ಅವಳು ಗಂಟೆ ಬಾರಿಸಿದಳು. ಆನೆ ಹೋಯಿತು, ಆಚೆ ಬನ್ನಿ ಎಂಬ ಸುಳ್ಳು ಗಂಟೆ. ಬಾಗಿಲುಗಳು ತೆರೆದವು. ಜನ ಜಗಲಿಗೆ ಬಂದು ಮೈ ಮುರಿದುಕೊಂಡ ಮೇಲೆ ಅವಳು ಮೈಕಿನಲ್ಲಿ ಮಾತಾಡಿದಳು. 

"ಎಲ್ಲರೂ ಈಗಿಂದೀಗಲೇ ರಾಗಿ ಹೊಲಕ್ಕೆ ನಡೀರಿ. ಹೊಲದಿಂದ ಹಳ್ಳಕ್ಕೆ ಇಳಿದು, ಹಳ್ಳದ ಕಲ್ಲಿನ ಮೇಲೇ ಅರೆ ಹತ್ತಿ ಬನ್ನಿ. ಕರಿಮಣ್ಣು ತುಳಿಯಬೇಡಿ, ರಸ್ತೆಗೆ ಹೋಗಬೇಡಿ. ಮಕ್ಕಳನ್ನ ಎತ್ತಿಕೊಳ್ಳಿ. ಸಾಮಾನು ಬೇಡ, ಯಾಕೆ ಅಂತ ಆಮೇಲೆ ಹೇಳ್ತೀನಿ."

ಹೊಲಕ್ಕೆ ಕರಿಬೂಷ್ಟು ಬಿತ್ತಿರಲಿಲ್ಲ, ಅದು ಇನ್ನೂ ಹಳೆಯ ಕೆಮ್ಮಣ್ಣು. ಅಲ್ಲಿಗೆ ಮುಟ್ಟುವ ಕಾಲುದಾರಿಯಲ್ಲಿ ಮಾತ್ರ ಕರಿಮಣ್ಣಿನ ತುಂಡುಗಳಿದ್ದವು. ಮಂಜಿನಲ್ಲಿ ಏನೂ ಕಾಣದ ಅವಳು ಬದುಕಿದ್ದ ಮೊಳೆಗಳನ್ನೇ ನೋಡುತ್ತ, ಎಡಕ್ಕೆ, ಇನ್ನೂ ಎಡಕ್ಕೆ, ಬೇವಿನ ಮರ ಬಳಸಿ ಎಂದು ಹೇಳುತ್ತ ಹೋದಳು. ಹಿತ್ತಿಲಿನ ಮೊಳೆ ಸುಮ್ಮನಾಯಿತು. ಅವಳ ಮಗಳು ಆ ಮಂಜಿನೊಳಗೆ ಎಲ್ಲಿದ್ದಾಳೋ ಗೊತ್ತಿರಲಿಲ್ಲ. ಎದ್ದು ಓಡಿದರೆ ಉಳಿದವರಿಗೆ ದಾರಿ ಹೇಳುವವರಿಲ್ಲ. ಕುರ್ಚಿಯಲ್ಲೇ ಕೂತು ಮಾತಾಡಿದಳು, ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ.

ಮೊದಲು ಅರೆ ಹತ್ತಿದವರು ಪೋಡಿನ ಹೆಂಗಸರು. ಅವರ ಹಿಂದೆ ಬೇರೆಯವರು, ಮುದುಕರು, ಮೇಕೆಗಳು. ಎಷ್ಟೋ ಹೊತ್ತಿನ ಮೇಲೆ ಕಿಟಕಿಯಲ್ಲಿ ಹೊನ್ನಿಯ ಮುಖ ಕಂಡಿತು. ಯಾರೋ ಅವಳನ್ನು ಹೆಗಲ ಮೇಲೆ ಹೊತ್ತಿದ್ದರು, ಅವಳ ತೋಳಿನಲ್ಲಿ ಬೆಕ್ಕು ಇತ್ತು. ನೀಲವೇಣಿ ಹೊರಗೆ ಓಡಿ ಮಗಳ ಅಂಗಾಲು ಮುಟ್ಟಿ ನೋಡಿದಳು. ತಣ್ಣಗಿತ್ತು.

"ಅಜ್ಜಿ ಎಲ್ಲಿ?"

"ಕಂಬಳಿ ತರಕ್ಕೆ ಹೋಯ್ತು," ಎಂದಳು ಹೊನ್ನಿ.

ಚಿಕ್ಕತಾಯಮ್ಮ ಕೊನೆಗೆ ಬಂದರು. ಕಂಬಳಿಯ ನಾಲ್ಕು ಮೂಲೆಯನ್ನು ನಾಲ್ವರು ಹಿಡಿದಿದ್ದರು, ನಡುವೆ ಕೇತಮ್ಮ. ಕೇತಮ್ಮ ಹುತ್ತದ ಮೇಲೆ ಸಿಕ್ಕಿಕೊಂಡಿದ್ದಾಳೆಂದು ನೀಲವೇಣಿ ನಡುವೆ ಮೈಕಿನಲ್ಲಿ ಹೇಳಿ ಅಲ್ಲಿಗೆ ಕಲ್ಲಿನ ದಾರಿಯನ್ನೂ ತಿಳಿಸಿದ್ದಳು, ಮಂಡಿನೋವಿನ ಮುದುಕಿ ಹುತ್ತಕ್ಕೆ ಜನ ಕರೆದುಕೊಂಡು ಹೋಗಿದ್ದರು. ಪೆಟ್ಟಿಗೆಯಿಂದ ಕಂಬಳಿ ತೆಗೆದು ಹೊಸ್ತಿಲು ದಾಟುವುದಕ್ಕೂ ನಡುಮನೆ ಕುಸಿಯುವುದಕ್ಕೂ ಸರಿಹೋಗಿತ್ತು. ಅದನ್ನು ಅವರು ಯಾರಿಗೂ ಹೇಳಲಿಲ್ಲ, ಸೀರೆಯ ಅಂಚು ಸುಟ್ಟು ಕಪ್ಪಾಗಿದ್ದರಿಂದ ಗೊತ್ತಾಯಿತು.

ಕೇತಮ್ಮನ ಬಲಗಾಲು ಮಂಡಿಯವರೆಗೆ ನೋಡುವ ಹಾಗಿರಲಿಲ್ಲ. ಅವಳು ಅಳುತ್ತಿರಲಿಲ್ಲ, ಕಾಲನ್ನೇ ನೋಡುತ್ತಿದ್ದಳು. "ಈ ಕಾಲೇ ಕನಿ, ಆರೋಯ್ತು ಅಂದದ್ದು," ಎಂದಳು.

"ನಾನೂ ಅದನ್ನೇ ಅಂದೆ ಕೇತಮ್ಮ," ಎಂದಳು ನೀಲವೇಣಿ. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಆಗಲಿಲ್ಲ. ಆಂಬುಲೆನ್ಸು ಅರೆಯ ಹಿಂಬದಿಯ ಕಲ್ಲುದಾರಿಯಲ್ಲಿ ಬಂದು ಕೇತಮ್ಮನನ್ನು ಕರೆದೊಯ್ಯಿತು.

ಮಂಜು ಎದ್ದಾಗ ಎಲ್ಲರೂ ಅರೆಯ ಅಂಚಿಗೆ ಬಂದು ನೋಡಿದರು. ಬೆಂಕಿ ಎಲ್ಲೂ ಕಾಣಲಿಲ್ಲ. ತೆಳ್ಳನೆಯ ಬಿಳಿ ಹೊಗೆ ನೆಲದಿಂದ ಏಳುತ್ತಿತ್ತು, ಕ್ವಾರ್ಟರ್ಸಿನ ಸಾಲು ಒಂದು ಕಡೆಗೆ ವಾಲಿಕೊಂಡಿತ್ತು. ಅದರಾಚೆ ಹಸಿರೆಲೆ ಹೊತ್ತ ಮರಗಳು, ಒಂದೊಂದಾಗಿ, ಯಾರೂ ಮುಟ್ಟದೆ ಮಲಗುತ್ತಿದ್ದವು. ಇಷ್ಟು ವರ್ಷ ನೆಲದಲ್ಲಿ ಕೂಡಿಟ್ಟ ಇಂಗಾಲವೆಲ್ಲ ಆ ಹೊಗೆಯಾಗಿ ಹೋಗುತ್ತಿತ್ತು. ಕೆಳಗಿನ ಮಣ್ಣು ಇಟ್ಟಿಗೆಯಂತೆ ಬೆಂದು ಬೀಜ, ಬೇರು, ಹುಳು ಏನೂ ಉಳಿಯುವುದಿಲ್ಲ ಎಂದು ನೀಲವೇಣಿಗೆ ಗೊತ್ತಿತ್ತು. ತರಗುಬೆಂಕಿ ಬಿದ್ದ ಕಾಡು ಮಳೆಗೆ ಚಿಗುರುತ್ತದೆ. ಇದು ಚಿಗುರುವ ಸುಡುವಿಕೆಯಲ್ಲ.

ಅವಳು ಒಳಗೆ ಬಂದು ಮೇಲಿನವರಿಗೆ ಸುದ್ದಿ ಮುಟ್ಟಿಸಿದಳು. ತಮ್ಮ ಕಾಡಿನ ನಕ್ಷೆ ಸರಿಸಿ ರಾಜ್ಯದ ನಕ್ಷೆ ತೆರೆದಳು. ಬೇರೆ ಕೇಂದ್ರಗಳಲ್ಲಿ ಅವಳ ನಿಯಮ ಇನ್ನೂ ನಡೆಯುತ್ತಿತ್ತು. ಅಲ್ಲಲ್ಲಿ ಪುಟ್ಟ ಆನೆಗಳಿದ್ದವು. ನಾಗರಹೊಳೆಯ ಸುತ್ತ ಒಂದೆರಡು ಚೆದುರಿದ ಚಿತ್ರಗಳು, ಅವು ನಿಜವಾದ ಆನೆಗಳೇ ಇರಬಹುದು. ಆಮೇಲೆ ಅವಳ ಕಣ್ಣು ಮೇಲಕ್ಕೆ, ಗದಗದ ಕಡೆಗೆ ಹೋಯಿತು. ಜಾಲಿಗುಡ್ಡ ಎಂಬ ಕೇಂದ್ರದ ಸುತ್ತ ಆನೆಗಳು ಒತ್ತೊತ್ತಾಗಿ ಸಾಲುಗಟ್ಟಿ ನಿಂತಿದ್ದವು.

ಅವಳು ಫೋನ್ ಮಾಡಿದಳು. ಆ ಕಡೆಯ ಆಪರೇಟರು ಆಕಳಿಸುತ್ತ ಎತ್ತಿದ.

"ನಿಮ್ಮ ಗುಡ್ಡದಲ್ಲಿ ಆನೆ ಇದಾವಾ?"

"ಆನಿ?" ಅವನು ನಕ್ಕ. "ನಮ್ಮ ಬಯಲಸೀಮ್ಯಾಗ ಆನಿ ಎಲ್ಲಿಂದ ಬರಬೇಕ್ರಿ ಮೇಡಂ. ನಿಮ್ಮ ಸಾಫ್ಟ್‌ವೇರ್ ತೋರಿಸ್ತೈತಿ, ನಾವು ನೋಡಿ ನಕ್ಕ ಬಿಡ್ತೀವ್ರಿ."

"ನೆಲ ಹೇಗಿದೆ?" ಎಂದು ಕೇಳಿದಳು ನೀಲವೇಣಿ. 

"ನೆಲಾ? ಭಾಳ ಚಲೋ ಐತ್ರಿ. ಹೊರಗ ಥಂಡಿ ಅಂದ್ರ ಥಂಡಿ, ಒಳಗ ನೋಡ್ರಿ, ಹಾಸಿಗಿನೂ ಬ್ಯಾಡ. ಸಾಲಿ ಹುಡುಗ್ರು ಕ್ಯಾಂಪಿಗೆ ಬಂದಾವ್ರಿ, ನಮ್ಮ ಹಾಲಿನ್ಯಾಗ ಮಲಗ್ಯಾವು. ನೆಲ ಬೆಚ್ಚಗೈತಿ ಅಂತ ಇನ್ನೂ ಏಳವಲ್ಲವು."